ಕಾಯಕ್ಕೆ ನಡಿಗೆ, ಮನಕ್ಕೆ ನೆಮ್ಮದಿ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಉದ್ಯಾನಗಳೂ ಮುಚ್ಚಿದವು. ಏಪ್ರಿಲ್‌ನಲ್ಲಿ ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡುಗಳು ಸೀಲ್‌ಡೌನ್ ಆದಾಗ ಅಲ್ಲಿನ ಜನರಿಗೆ ಮನೆಯ ಹೊಸ್ತಿಲೇ ಎಲ್ಲೆಯಾಯಿತು. ಬೆಳಗಿನ ನಡಿಗೆಯೊಂದಿಗೆ ಹಿರಿಯರು ಕಲ್ಲುಬೆಂಚಿನ ಮಾತುಕತೆಯನ್ನೂ ಗೆಳೆಯರ ಒಡನಾಟವನ್ನೂ ದಿನದ ಕ್ರಮವನ್ನೂ ಕಳೆದುಕೊಂಡರು. ಆ ದಿನಗಳು ಕಳೆದಿವೆ. ಆದರೆ ಅಂದು ನಿಂತ ನಡಿಗೆಯನ್ನು ಮತ್ತೆ ಆರಂಭಿಸದವರು ನಮ್ಮ ನಡುವೆ ಇನ್ನೂ ಇದ್ದಾರೆ.

ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣವು ಶೇ. 25ರಷ್ಟು ಹೆಚ್ಚಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ಮಾರ್ಚ್‌ನಲ್ಲಿ ತಿಳಿಸಿತು. ಒಂಟಿತನ, ರೋಗಭಯ, ಆಪ್ತರ ಅಗಲಿಕೆ, ಹಣಕಾಸಿನ ಚಿಂತೆಗಳು ಇದಕ್ಕೆ ಕಾರಣವಾದವು.

ಇಂತಹ ಸಮಯದಲ್ಲಿ ದೇಹದ ಚಲನೆಯು ಮನಸ್ಸಿಗೆ ಹೇಗೆ ನೆರವಾಗುತ್ತದೆ? ಬಿರುಸಾಗಿ ನಡೆದಾಗ ರಕ್ತಸಂಚಾರ ಚುರುಕಾಗುತ್ತದೆ. ನೋವನ್ನು ತಗ್ಗಿಸುವ ಎಂಡಾರ್ಫಿನ್ ಮೊದಲಾದ ರಾಸಾಯನಿಕಗಳು ದೇಹದಲ್ಲಿಯೇ ಉತ್ಪತ್ತಿಯಾಗುತ್ತವೆ. ಸ್ನಾಯುಗಳ ಬಿಗಿತ ಸಡಿಲುತ್ತದೆ. ಬೆಳಗಿನ ಬೆಳಕು ನಿದ್ರೆ ಮತ್ತು ಎಚ್ಚರಗಳ ಲಯವನ್ನು ಸರಿಪಡಿಸುತ್ತದೆ. ನಿದ್ರೆ ಸರಿಹೋದಂತೆ ಸಿಡುಕು, ಕಳವಳಗಳೂ ತಗ್ಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅಗತ್ಯ. ಮಾತನಾಡಲು ಸಾಧ್ಯವಾಗಿ ಹಾಡಲು ಕಷ್ಟವಾಗುವಷ್ಟು ಉಸಿರು ಏರಿದರೆ ಅದು ಸಾಧಾರಣ ಶ್ರಮವೆನಿಸುತ್ತದೆ. ದಿನಕ್ಕೆ 30 ನಿಮಿಷದಂತೆ ಐದು ದಿನ ನಡೆದರೆ 150 ನಿಮಿಷಗಳಾದವು. ಅದನ್ನು ಹತ್ತು ನಿಮಿಷಗಳ ಮೂರು ಭಾಗಗಳಾಗಿಯೂ ಮಾಡಿಕೊಳ್ಳಬಹುದು. ಹೊರಗೆ ಹೋಗಲಾಗದಿದ್ದರೆ ಮಹಡಿ, ಅಂಗಳ, ಪಡಸಾಲೆಗಳೇ ಸಾಕು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕು. ಗಟ್ಟಿಯಾದ ಕುರ್ಚಿಯಿಂದ ನಿಧಾನವಾಗಿ ಹತ್ತು ಬಾರಿ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿಗಳನ್ನು ಮೇಲೆತ್ತುವುದು ಮನೆಯಲ್ಲಿಯೇ ಆಗುವ ಅಭ್ಯಾಸಗಳು. ಬಿದ್ದೇನೆಂಬ ಅಂಜಿಕೆ ಕಡಿಮೆಯಾದರೆ ಹೊರಗೆ ಕಾಲಿಡುವ ಧೈರ್ಯವೂ ಮರಳುತ್ತದೆ.

ಜ್ವರವಿರುವಾಗ ವ್ಯಾಯಾಮ ಸಲ್ಲದು. ಕೋವಿಡ್‌ನಿಂದ ಚೇತರಿಸಿಕೊಂಡವರು ಐದು ನಿಮಿಷಗಳ ನಡಿಗೆಯಿಂದ ಆರಂಭಿಸಿ, ಮರುದಿನ ಆಯಾಸ ಹೆಚ್ಚದಿದ್ದರೆ ಮಾತ್ರ ಅವಧಿಯನ್ನು ಏರಿಸಬೇಕು. ಎದೆನೋವು, ತಲೆಸುತ್ತು, ಅತಿಯಾದ ಉಬ್ಬಸ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

2021ರ ಎರಡನೆಯ ಅಲೆಯಲ್ಲಿ ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬ್ಯುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಲಿಂಗೈಕ್ಯರಾದವರಿಗೆ ವಿಭೂತಿ ಧರಿಸಿ, ಇಷ್ಟಲಿಂಗದೊಡನೆ ಸಮಾಧಿ ಮಾಡುವ ನಮ್ಮ ಸಂಸ್ಕಾರವನ್ನು ಪದ್ಧತಿಯಂತೆ ನೆರವೇರಿಸಲು ಅನೇಕ ಕುಟುಂಬಗಳಿಗೆ ಸಾಧ್ಯವಾಗಲಿಲ್ಲ. ಆ ಕೊರಗನ್ನು ನಡಿಗೆಯೊಂದೇ ಕಳೆಯಲಾರದು. ಅದನ್ನು ಆಡಿಕೊಳ್ಳಬೇಕು, ಕೇಳುವವರು ಬೇಕು. ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಉತ್ಸಾಹ ಕುಂದಿದ್ದರೆ ಚಿಕಿತ್ಸೆ ಪಡೆಯಲು ಸಂಕೋಚ ಬೇಡ. ಬದುಕುವುದೇ ಬೇಡವೆನ್ನುವ ಮಾತು ಬಂದರೆ ಒಂದು ದಿನವೂ ಕಾಯಬಾರದು. ನಮ್ಮ ನಗರದಲ್ಲಿಯೇ ನಿಮ್ಹಾನ್ಸ್ ಇದೆ. ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮಠ ಮಂದಿರಗಳ ಬಾಗಿಲು ಮುಚ್ಚಿದ್ದಾಗಲೂ ಅಂಗೈಯ ಇಷ್ಟಲಿಂಗದ ಪೂಜೆ ನಮಗೆ ತಪ್ಪಲಿಲ್ಲ. ಸ್ಥಾವರವನ್ನು ಅವಲಂಬಿಸದ ಆ ದಾರಿಯನ್ನು ತೋರಿದವರು ಶರಣರು. ಆರೋಗ್ಯಕ್ಕೂ ಅದೇ ಮಾತು ಸಲ್ಲುತ್ತದೆ. ಪೂಜೆಯ ವೇಳೆ ನಿಶ್ಚಿತವಾಗಿರುವಂತೆ ನಡಿಗೆಗೂ ಒಂದು ವೇಳೆಯನ್ನು ನಿಶ್ಚಯಿಸೋಣ. ಮನೆಯ ಹಿರಿಯರನ್ನು 'ನಡೆಯಿರಿ' ಎಂದು ಒತ್ತಾಯಿಸುವ ಬದಲು ಅವರೊಡನೆ ನಾವೂ ಹೆಜ್ಜೆ ಹಾಕೋಣ. ನಡೆಯುತ್ತ ಅವರ ಮಾತಿಗೆ ಕಿವಿಗೊಡುವುದೂ ಒಂದು ದಾಸೋಹವೇ.