ಕಲ್ಲಿನ ರಥಕ್ಕೊಂದು ಶಿಖರವಿತ್ತು

ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿರುವುದನ್ನು ವಾಚಕರು ಬಲ್ಲರು. 2017ರಲ್ಲಿ ಹೊರಬಂದ ಆ ನೋಟಿನಲ್ಲಿ ರಥದ ನೆತ್ತಿ ಬರಿದಾಗಿದೆ. ಹೊಸಪೇಟೆಯಿಂದ ಮಕ್ಕಳೊಡನೆ ವಿಠ್ಠಲ ದೇವಾಲಯಕ್ಕೆ ಬಂದು ಹೋಗುವವರು, ಶಿಲ್ಪಿಗಳು ರಥವನ್ನು ಹೀಗೆಯೇ ನಿರ್ಮಿಸಿದರೆಂದು ನಂಬುವುದು ಸಹಜವೇ. ಆದರೆ ಗರುಡನ ಗುಡಿಯಾದ ಈ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು. ಅದಕ್ಕೆ ಸಾಕ್ಷಿ, ಮೇಣ ಸವರಿದ ಒಂದು ಹಾಳೆ ಕಾಗದ!

1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳ ಛಾಯಾಚಿತ್ರಗಳನ್ನು ತೆಗೆದನು. ಹೊಸಪೇಟೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ಅಂದಿನ ಕ್ಯಾಮರಾ ಎಂದರೆ ಮರದ ದೊಡ್ಡ ಪೆಟ್ಟಿಗೆ. ಹಿತ್ತಾಳೆಯ ಕೊಳವೆಯಲ್ಲಿ ಕೂಡಿಸಿದ ಮಸೂರವನ್ನು ಅದರ ಮುಂದಿನ ಹಲಗೆಗೆ ಬಿಗಿಯುತ್ತಿದ್ದರು. ಗುಂಡಿ ಒತ್ತಿದರೆ ತೆರೆದು ಮುಚ್ಚಿಕೊಳ್ಳುವ ಏರ್ಪಾಡೇ ಇಲ್ಲ. ಮುಚ್ಚಳ ತೆಗೆದು, ನಿಮಿಷಗಳನ್ನು ಎಣಿಸಿ, ಮತ್ತೆ ಮುಚ್ಚಬೇಕು. ಚಿತ್ರವನ್ನು ಹಿಗ್ಗಿಸುವ ರೂಢಿಯೂ ಇರಲಿಲ್ಲವಾದ್ದರಿಂದ, ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕಾಗದ, ಅದಕ್ಕೆ ತಕ್ಕ ಪೆಟ್ಟಿಗೆ. ಅದನ್ನು ಆ ಬಂಡೆಗಳ ನಡುವೆ ಹೊತ್ತ ಕೂಲಿಗಳ ಪಾಡನ್ನು ಊಹಿಸಿಕೊಳ್ಳಬಹುದು!

ಗಾಜಿನ ಫಲಕದ ವಿಧಾನ 1851ರಲ್ಲಿಯೇ ಬಂದಿತ್ತು. ಆದರೆ ಫಲಕಕ್ಕೆ ಲೇಪಿಸಿದ ರಸ ಆರುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಸುಲಭದ ಮಾತೇ? ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ರೂಪಿಸಿದ ಮೇಣದ ಕಾಗದಕ್ಕೆ ಈ ಅವಸರವಿಲ್ಲ. ಮೇಣ ಊಡಿಸಿ, ಬೆಳ್ಳಿಯ ಲವಣ ಹಿಡಿಸಿದ ಕಾಗದವನ್ನು ಕೆಲವು ದಿನ ಮೊದಲೇ ಸಿದ್ಧಪಡಿಸಿ, ಒಣಗಿದ್ದಾಗಲೇ ಬಳಸಬಹುದಿತ್ತು. ಕಾಲಕ್ರಮದಲ್ಲಿ ಒಣ ಫಲಕ, ಫಿಲ್ಮಿನ ಸುರುಳಿಗಳು ಬಂದು ಈ ವಿಧಾನ ಬಳಕೆ ತಪ್ಪಿತು.

ಗ್ರೀನ್‌ಲಾನ ಕಾಗದಗಳು ಬೆಳಕಿಗೆ ಬಂದುದು 1980ರಲ್ಲಿ. ಮೂರು ವರ್ಷಗಳ ತರುವಾಯ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವನು ನಿಂತ ತಾಣಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಮುಂದಿನ ಕಂಬದ ಅಂಚು ಹಿಂದಿನ ಬಂಡೆಯ ಯಾವ ಬಿರುಕಿಗೆ ಸರಿಹೊಂದುವುದೆಂದು ನೋಡುತ್ತ ಹೋದರೆ, ಒಂದು ಹೆಜ್ಜೆ ತಪ್ಪಿದರೂ ತಿಳಿದುಬಿಡುತ್ತದೆ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಅದೇ ರಥ, ಅದೇ ಚಕ್ರಗಳು. ಹಳೆಯದರಲ್ಲಿ ಮಾತ್ರ ಶಿಖರವಿದೆ.