ಉಡುಗೊರೆಗೆ ನಿಷೇಧ, ಪರವಾನಗಿಗೆ ಲಂಚ: ವಾಲ್‌ಮಾರ್ಟ್ ಪ್ರಕರಣದ ಪಾಠ

ಬೆಂಗಳೂರು: ಸರಬರಾಜುದಾರರಿಂದ ಉಡುಗೊರೆ ಪಡೆಯಬಾರದು ಎಂಬುದು ಅಮೆರಿಕದ ಚಿಲ್ಲರೆ ಮಾರಾಟ ಸಂಸ್ಥೆ ವಾಲ್‌ಮಾರ್ಟ್ ತನ್ನ ಸಿಬ್ಬಂದಿಗೆ ವಿಧಿಸಿರುವ ಹಳೆಯ ನಿಯಮ. ಅದೇ ಸಂಸ್ಥೆ 2019ರ ಜೂನ್‌ನಲ್ಲಿ ಲಂಚ ತಡೆಯಲು ವಿಫಲವಾದ ಆರೋಪದ ಇತ್ಯರ್ಥಕ್ಕಾಗಿ ಅಮೆರಿಕ ಸರ್ಕಾರಕ್ಕೆ 28 ಕೋಟಿ ಡಾಲರ್‌ಗೂ ಹೆಚ್ಚು ತೆರಲು ಒಪ್ಪಿತು.

ಮೆಕ್ಸಿಕೊ, ಬ್ರೆಜಿಲ್, ಚೀನಾ ಮತ್ತು ಭಾರತದಲ್ಲಿನ ವ್ಯವಹಾರಗಳು ತನಿಖೆಗೆ ಒಳಪಟ್ಟಿದ್ದವು. ಮಳಿಗೆಗಳ ಪರವಾನಗಿಗಾಗಿ ಮಧ್ಯವರ್ತಿಗಳ ಮೂಲಕ ಅಧಿಕಾರಿಗಳಿಗೆ ಹಣ ಸಂದಾಯವಾಗಿತ್ತು. ಭಾರತದಲ್ಲಿ ಇಂತಹ ಪಾವತಿಗಳನ್ನು 'ಇತರೆ ಶುಲ್ಕ', 'ವೃತ್ತಿ ಶುಲ್ಕ' ಎಂದು ಲೆಕ್ಕಪುಸ್ತಕದಲ್ಲಿ ನಮೂದಿಸಲಾಗಿತ್ತು ಎಂದು ತನಿಖೆ ತಿಳಿಸಿತು.

ನೀತಿಸಂಹಿತೆ ಸೋಲುವುದು ಇಲ್ಲಿಯೇ. ಲಂಚವನ್ನು ಲಂಚವೆಂದು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ಮಧ್ಯವರ್ತಿ ಮಾಡಿದ ಕೆಲಸವೇನು, ಬಿಲ್ಲಿನಲ್ಲಿ ವಿವರವೇಕಿಲ್ಲ ಎಂದು ಪ್ರಶ್ನಿಸುವುದು ಲೆಕ್ಕ ವಿಭಾಗದ ಗುಮಾಸ್ತನ ಕರ್ತವ್ಯವೂ ಹೌದು.

ಭಾರತದ ಕಾನೂನೂ ಈಗ ಬಿಗಿಯಾಗಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ, ಲಂಚ ಕೊಟ್ಟವರಿಗೆ ಏಳು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಒತ್ತಾಯಕ್ಕೆ ಮಣಿದು ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ರಕ್ಷಣೆ. ಸಂಸ್ಥೆಯ ಲಾಭಕ್ಕಾಗಿ ನೌಕರ ಲಂಚ ಕೊಟ್ಟರೆ ಸಂಸ್ಥೆಗೂ ದಂಡ ಬೀಳುತ್ತದೆ. ಲಂಚ ತಡೆಗೆ ಸಮರ್ಪಕ ವ್ಯವಸ್ಥೆ ಇತ್ತೆಂದು ಸಾಬೀತುಪಡಿಸಿದರಷ್ಟೇ ಅದು ಪಾರಾಗಬಲ್ಲದು.

'ಮೇಲಿನವರು ಹೇಳಿದರು, ಮಾಡಿದೆ' ಎಂಬ ಸಮಜಾಯಿಷಿ ನೌಕರನನ್ನು ಕಾಪಾಡದು. ಸಂಶಯಾಸ್ಪದ ಬಿಲ್ಲಿಗೆ ಸಹಿ ಹಾಕುವ ಮುನ್ನ ಲಿಖಿತವಾಗಿ ವಿವರಣೆ ಕೇಳುವುದೇ ಅವನಿಗಿರುವ ಮೊದಲ ರಕ್ಷೆ.