ಹಿಮ್ಮಡಿಯನ್ನು ಹಿಡಿದಿಡುವ ಶೂ ಬೇಕು

ಮಳೆಗಾಲ ಮುಗಿದು ಕುಮಾರಪರ್ವತ, ಕುದುರೆಮುಖಗಳತ್ತ ಹೊರಡುವವರು ಹಿಮ್ಮಡಿ ನೋವೆಂದರೆ ಸಾಕು, ಅಂಗಡಿಯವರು ಮೆತ್ತನೆಯ ಶೂ ತೋರಿಸುತ್ತಾರೆ. ಕೈಯಲ್ಲಿ ಒತ್ತಿದರೆ ಹಿತವೆನಿಸುವ ಆ ಮೆತ್ತೆ ಸಮತಟ್ಟಾದ ನೆಲದಲ್ಲಿ ಸುಖವನ್ನೂ ಕೊಡುತ್ತದೆ. ಆದರೆ ಪಾದ ಕಿರಿದಾಗಿರುವವರಿಗೆ ಕಲ್ಲುಹಾದಿಯಲ್ಲಿ ಮೊದಲು ಬೇಕಾದದ್ದು ಹಿಮ್ಮಡಿಯನ್ನು ಅಲುಗಾಡದಂತೆ ಹಿಡಿಯುವ ಶೂ. ಮೆತ್ತೆಯ ಮಾತು ಆಮೇಲೆ.

ಬೆಳಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗಳಲ್ಲೇ ಚುಚ್ಚುವ ನೋವು ಬಹುಮಟ್ಟಿಗೆ ಪ್ಲಾಂಟಾರ್ ಫೇಸೈಟಿಸ್‌ನದು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಹಬ್ಬಿರುವ ದಪ್ಪ ಪಟ್ಟಿಯೊಂದು ಅಲ್ಲಿ ನೊಂದಿರುತ್ತದೆ. ಹೆಜ್ಜೆ ಎತ್ತುವಾಗ ಬೆರಳುಗಳು ಮೇಲಕ್ಕೆ ಬಾಗಿದಂತೆ ಈ ಪಟ್ಟಿ ಬಿಗಿದು ಪಾದದ ಕಮಾನನ್ನು ಎತ್ತುತ್ತದೆಂದು ಜೆ. ಎಚ್. ಹಿಕ್ಸ್ 1954ರಲ್ಲೇ ವಿವರಿಸಿದ್ದರು. ಹಾಗಾಗಿ ನಡುಪಾದದಲ್ಲೇ ಮಡಚಿಕೊಳ್ಳುವ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವ ಸೋಲ್ ಇದ್ದರೆ ಏರಿನಲ್ಲಿ ಅಷ್ಟೂ ಎಳೆತ ಆ ಪಟ್ಟಿಯ ಮೇಲೆಯೇ ಬೀಳುತ್ತದೆ. ಶೂ ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಗಟ್ಟಿಯಾಗಿರಬೇಕು. ಹಿಮ್ಮಡಿ ಸುತ್ತಲಿನ ಗೋಡೆ ಹೆಬ್ಬೆರಳಿನಿಂದ ಅಮುಕಿದರೆ ಕುಸಿಯಬಾರದು. ಹಿಮ್ಮಡಿ ಮುಂಗಾಲಿಗಿಂತ ಏಳೆಂಟು ಮಿಲಿಮೀಟರ್ ಎತ್ತರದಲ್ಲಿದ್ದರೆ ಮೀನಖಂಡದ ಎಳೆತವೂ ಸಡಿಲವಾಗುತ್ತದೆ.

ಕಿರಿದಾದ ಪಾದದವರ ತೊಡಕು ಬೇರೆಯೇ. ನಮ್ಮ ಅಂಗಡಿಗಳಲ್ಲಿ ಶೂಗೆ ಉದ್ದದ ಅಳತೆಯಿದೆ, ಅಗಲದ ಅಳತೆ ಸಿಗುವುದು ಅಪರೂಪ. ಸಡಿಲವೆಂದು ಒಂದು ಸೈಜ್ ಕಡಿಮೆ ಕೊಂಡರೆ ಇಳಿಜಾರಿನಲ್ಲಿ ಬೆರಳು ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ; ಎರಡು ಜೊತೆ ಸಾಕ್ಸ್ ತುರುಕಿದರೆ ಬೆವರು, ಬೊಬ್ಬೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಯುರೋಪು, ಅಮೆರಿಕದವರದಕ್ಕಿಂತ ಸಾಮಾನ್ಯವಾಗಿ ಅಗಲವೆಂದು ಕಂಡುಕೊಂಡಿತು. ಆ ಅಳತೆಗೆ ತಕ್ಕ ಶೂ ಬಂದರೆ ಬಹುಜನರಿಗೆ ಒಳಿತೇ. ಆದರೆ ಸರಾಸರಿಯ ಅಚ್ಚಿನಿಂದ ಹೊರಗುಳಿದವರನ್ನು ಮರೆಯಬಾರದು. ತಯಾರಕರು ಒಂದೇ ಉದ್ದಕ್ಕೆ ಎರಡು ಅಗಲಗಳನ್ನಾದರೂ ಕೊಡಬೇಕು. ಅಲ್ಲಿಯವರೆಗೆ ದಾರಿಯಿಲ್ಲದಿಲ್ಲ. ಅಮೆರಿಕದ ಅಳತೆಯಲ್ಲಿ ಹೆಂಗಸರ ಸಾಮಾನ್ಯ ಅಗಲ ಬಿ, ಗಂಡಸರದು ಅದಕ್ಕಿಂತ ಅಗಲವಾದ ಡಿ. ಹೀಗಾಗಿ ಸೈಜ್ ಹೊಂದಿದರೆ ಕಿರಿದಾದ ಪಾದದ ಗಂಡಸರು ಹೆಂಗಸರ ಮಾದರಿಯನ್ನು ಧಾರಾಳವಾಗಿ ಕೊಳ್ಳಬಹುದು. ಇನ್‌ಸೋಲ್ ಕೆಳಗೆ ತೆಳುವಾದ ಇನ್ನೊಂದು ಪದರ ಹಾಕಿದರೆ ಒಳಗಿನ ಪೊಳ್ಳು ತುಂಬುತ್ತದೆ. ಮೇಲ್ತುದಿಯ ಜೋಡಿ ತೂತುಗಳಲ್ಲಿ ಎರಡೂ ಬದಿ ಕುಣಿಕೆ ಮಾಡಿ, ಲೇಸನ್ನು ಎದುರು ಕುಣಿಕೆಯೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಹಿಂದಕ್ಕೆ ಕೂರುತ್ತದೆ, ಮುಂಗಾಲು ಬಿಗಿಯುವುದಿಲ್ಲ. ಪರೀಕ್ಷೆ ಸಂಜೆಯೇ ಆಗಲಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಚಾರಣದ ಸಾಕ್ಸ್ ಹಾಕಿಕೊಂಡೇ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತುವಾಗ ಹಿಮ್ಮಡಿ ಏಳುವ, ಇಳಿಯುವಾಗ ಬೆರಳು ತಾಗುವ ಶೂ ಎಷ್ಟೇ ರಿಯಾಯಿತಿಯಲ್ಲಿದ್ದರೂ ಬೇಡ.

ಮಲೆನಾಡಿನ ಹಿರಿಯರು ಬರಿಗಾಲಲ್ಲೇ ಗುಡ್ಡ ಹತ್ತುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಆದರೆ ಆ ಪಾದಗಳು ಬಾಲ್ಯದಿಂದ ದಿನವೂ ಪಳಗಿದ್ದವು. ವಾರವಿಡೀ ಕುರ್ಚಿಯಲ್ಲಿದ್ದು ಶನಿವಾರ 1,712 ಮೀಟರ್ ಎತ್ತರದ ಕುಮಾರಪರ್ವತ ಹತ್ತುವ, ಅದೂ ಈಗಾಗಲೇ ನೊಂದಿರುವ ಪಾದಕ್ಕೆ ಆ ಹೋಲಿಕೆ ಸಲ್ಲದು. ಸಾವಿರಾರು ರೂಪಾಯಿಯ ವಿಶೇಷ ಇನ್‌ಸೋಲ್ ಮಾಡಿಸಿದರಾಯಿತು ಎಂಬ ವಾದವೂ ಗಟ್ಟಿಯಲ್ಲ: ಆಸ್ಟ್ರೇಲಿಯಾದಲ್ಲಿ 135 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಳತೆ ಕೊಟ್ಟು ಮಾಡಿಸಿದ ಇನ್‌ಸೋಲ್‌ಗೂ ಸಿದ್ಧ ಇನ್‌ಸೋಲ್‌ಗೂ ವರ್ಷದ ಕೊನೆಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಶೂ ಒಂದೇ ನೋವನ್ನು ವಾಸಿಮಾಡದು ಎಂಬ ಆಕ್ಷೇಪವನ್ನಂತೂ ಒಪ್ಪಲೇಬೇಕು. ಮೀನಖಂಡ, ಅಂಗಾಲು ಎಳೆಯುವ ವ್ಯಾಯಾಮ ದಿನವೂ ಬೇಕು. ಒಳ್ಳೆಯ ಶೂ ಗಾಯದ ಮೇಲೆ ಮತ್ತೆ ಪೆಟ್ಟು ಬೀಳುವುದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಹಿಮ್ಮಡಿ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಊದಿದ್ದರೆ, ಜೋಮು ಹಿಡಿಯುತ್ತಿದ್ದರೆ ಶೂ ಅಂಗಡಿಗೆ ಹೋಗುವ ಮೊದಲು ಮೂಳೆ ವೈದ್ಯರನ್ನು ಕಾಣಿ.